ಸರಾಸರಿ ಮಳೆಗೆ ಹಿಗ್ಗಬೇಡಿ

ಹವಾಮಾನದ ಲೆಕ್ಕ ಕಲಿತು ಚಳ್ಳಕೆರೆ, ಮೊಳಕಾಲ್ಮುರಿನ ಕಡೆ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರೇ, ಮುಂದಿನ ದಶಕಗಳಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಹೆಚ್ಚಲಿದೆ ಎನ್ನುತ್ತವೆ ನಿಮ್ಮ ಮಾದರಿಗಳು. ಅಷ್ಟಕ್ಕೇ ನಮ್ಮ ಬಯಲುಸೀಮೆಗೆ ಒಳ್ಳೆ ಕಾಲ ಬಂತೆಂದು ವರದಿ ಬರೆದುಬಿಡಬೇಡಿ. ಇಲ್ಲಿ ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದೇ ದೊಡ್ಡದು. ಶೇಂಗಾ ಹೂ ಬಿಟ್ಟು ಸೂಜಿ ಇಳಿಸುವ ಹೊತ್ತಿಗೆ ಮಸಾರಿ ನೆಲ ಒಣಗಿ ಬಿಗಿದಿತ್ತೋ, ಸೂಜಿ ಮೇಲೆಯೇ ಬಾಡುತ್ತದೆ. ಆಮೇಲೆ ಹಳ್ಳ ತುಂಬಿ ಹರಿದರೆ ಬಳ್ಳಿ ಹಸಿರಾದೀತು, ಕಾಯಿ ಕಟ್ಟುವುದಿಲ್ಲ. ವರ್ಷದ ಸರಾಸರಿಗೆ ಮಾತ್ರ ಏನೂ ಆಗಿರುವುದಿಲ್ಲ!

ಲೆಕ್ಕವೇ ಬೇಡವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತಿತರರು ಪಕ್ಕದ ಅನಂತಪುರ ಸೀಮೆಯ ಹಳೆಯ ಮಳೆ ದಾಖಲೆಗಳನ್ನು ಬೆಳೆ ಮಾದರಿಗೆ ಹಾಕಿ ನೋಡಿದರು. ಮಳೆಯಾಶ್ರಿತ ಶೇಂಗಾವನ್ನು ಜೂನ್ 22ರಿಂದ ಆಗಸ್ಟ್ 17ರೊಳಗೆ ಬಿತ್ತಿದರೆ ಕೈಸುಡುವ ಭಯ ಕಡಿಮೆ ಎಂದು ಕಂಡರು. ನಮ್ಮ ಮಾತಲ್ಲಿ, ಆರಿದ್ರೆಯಿಂದ ಆಶ್ಲೇಷದ ತನಕ. ಮಾದರಿ ಅಂದರೆ ಹೀಗೆ ಕೂರಿಗೆಯ ತನಕ ಬರಬೇಕು. 2050ಕ್ಕೂ ಈ ಹದ ಇದೇ ಮಳೆಗಳಲ್ಲಿ ಉಳಿದೀತೇ ಎಂಬುದನ್ನು ನೀವು ಹುಡುಕಿ ಕೊಡಿ, ರೈತ ಕೇಳುತ್ತಾನೆ.

ಹೊಲದಷ್ಟೇ ಹುಲ್ಲು ಬೆಳೆಯುವ ಕಾವಲೂ ಮುಖ್ಯ. ಮೇ ತಿಂಗಳ ಉಪಗ್ರಹ ಚಿತ್ರದಲ್ಲಿ ಅಮೃತಮಹಲ್ ಕಾವಲು ಬರಡಾಗಿ ಕಾಣುತ್ತದೆ. ಬಗ್ಗಿ ಕರಡದ ಹುಲ್ಲಿನ ಬುಡ ಕೆದಕಿ ನೋಡಿ: ಒಣಕಡ್ಡಿಯ ಕೆಳಗೆ ಬೇರಿಗೆ ಜೀವವಿರುತ್ತದೆ, ಒಂದು ಹದಮಳೆ ಬಿದ್ದರೆ ಸಾಕು, ಚಿಗುರುತ್ತದೆ. ಬರ ಎದುರಿಸುವ ವಿದ್ಯೆ ಅದಕ್ಕೆ ನಾವು ಕಲಿಸಬೇಕಿಲ್ಲ. ಅಂಥ ನೆಲದಲ್ಲಿ ಇಂಗಾಲದ ಹೆಸರು ಹೇಳಿ ಗುಂಡಿ ತೋಡಿ ಗಿಡ ನೆಡುವುದು ಶುದ್ಧ ಅವಿವೇಕ. ಬಳ್ಳಾರಿ ಜಾಲಿ ನುಗ್ಗಿದ ಕಡೆಯೆಲ್ಲ ಹುಲ್ಲಿನ ಗತಿ ಏನಾಗಿದೆ ನೋಡಿ. ಕೃಷ್ಣಮೃಗ, ಕುರಿಮಂದೆ, ಮ್ಯಾಸಬೇಡರ ದೇವರ ಎತ್ತುಗಳು ಬದುಕಿರುವುದು ಆ ಹುಲ್ಲಿನ ಮೇಲೆ. ಒಂದು ಕಡೆ ಮಳೆ ತಪ್ಪಿದರೆ ಇನ್ನೊಂದು ಕಡೆಗೆ ಸಾಗುವುದೇ ಅವುಗಳ ಹೊಂದಾಣಿಕೆ. ಸಾಗಲು ಜಾಗ ಬೇಕಲ್ಲ! ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲು ಆಗಲೇ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಮೇಲೆ ನಾನು ಹೊಗಳಿದ ಸಂಸ್ಥೆಯೂ ಅದರಲ್ಲಿದೆ.

ಆದ್ದರಿಂದ ವರದಿಗೆ ಸಹಿ ಹಾಕುವ ಮುನ್ನ ಆ ದೇವರ ಎತ್ತು ಕಾಯುವ ಕಿಲಾರಿಯೊಬ್ಬನ ಹಿಂದೆ ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಕಾವಲು ಸುತ್ತಿ ಬನ್ನಿ. ನಿಮ್ಮ ನಕ್ಷೆಯಲ್ಲಿ ಅದಕ್ಕೆ ಪಾಳುಭೂಮಿಯ ಬಣ್ಣ ಬಳಿಯಬೇಡಿ.