ರಾಗಿ ಬಿಸ್ಕತ್ತು ಮನೆಯಲ್ಲೇ ಮಾಡಿ

ಮಕ್ಕಳ ಡಬ್ಬಿಗೆ ಹಾಕುವ ಬಿಸ್ಕತ್ತಿನ ಪೊಟ್ಟಣವನ್ನು ಒಮ್ಮೆ ತಿರುಗಿಸಿ ಓದಿ. ಹೆಚ್ಚಿನವುಗಳಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆಯೇ ಮೊದಲಿಗೆ ಇರುತ್ತವೆ. ಮನೆಯಲ್ಲಿ ಒವನ್ ಇದ್ದರೆ ರಾಗಿಯಲ್ಲಿ ಮಾಡಿ ನೋಡಿ.

100 ಗ್ರಾಂ ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಲು ಬಿಡಿ. ಇದನ್ನು ಮಾತ್ರ ತಪ್ಪಿಸಬೇಡಿ, ಹಸಿ ವಾಸನೆ ಹೋಗುವುದು ಇದರಿಂದಲೇ. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಬರೀ ರಾಗಿ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ. 50 ಗ್ರಾಂ ಗೋಧಿ ಹಿಟ್ಟು ಸೇರಿಸಿಕೊಳ್ಳಿ. 75 ಗ್ರಾಂ ಗಟ್ಟಿ ತುಪ್ಪಕ್ಕೆ ಜರಡಿ ಹಿಡಿದ 60 ಗ್ರಾಂ ಬೆಲ್ಲದ ಪುಡಿ ಹಾಕಿ ಚೆನ್ನಾಗಿ ತಿಕ್ಕಿ, ಹಿಟ್ಟು, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿ. ಉಂಡೆ ಕಟ್ಟಲು ಬಾರದಿದ್ದರಷ್ಟೇ ಒಂದೆರಡು ಚಮಚ ಹಾಲು.

ಉಂಡೆಗಳನ್ನು ತಟ್ಟಿ, 170 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸಿ. ರಾಗಿಯ ಬಣ್ಣವೇ ಕಂದು, ಹಾಗಾಗಿ ಬೆಂದದ್ದು ಕಣ್ಣಿಗೆ ತಿಳಿಯುವುದಿಲ್ಲ. ಅಂಚು ಗಟ್ಟಿಯಾಗಿ, ನಡುವೆ ಒತ್ತಿದರೆ ತುಸು ಮೆತ್ತಗಿರುವಾಗಲೇ ಹೊರತೆಗೆಯಿರಿ, ಆರಿದಂತೆ ಗರಿಗರಿಯಾಗುತ್ತದೆ.

ಬೆಲ್ಲವೆಂದು ಧಾರಾಳವಾಗಿ ಕೊಡಬೇಡಿ, ಅದೂ ಸಕ್ಕರೆಯೇ. ಇಲ್ಲಿ ನಿಜವಾಗಿ ಸಿಗುವ ಲಾಭ ರಾಗಿಯ ನಾರು ಮತ್ತು ಕ್ಯಾಲ್ಸಿಯಂ. ಸಂಜೆ ಹಾಲಿನ ಜೊತೆ ಎರಡು ಸಾಕು.