ಜಾಲಪುಟದಲ್ಲಿ ಲೆಕ್ಕವೂ ನೋಟವೂ

34ಕ್ಕೂ 35ಕ್ಕೂ ನಡುವಣ ಅಂತರವು ಒಂದೇ ಒಂದು ಎಂದು ಗಣಿತವು ಹೇಳುತ್ತದೆ. ಆದರೆ 35 ಅಂಕಗಳಿಗೆ ತೇರ್ಗಡೆ ಎಂಬ ನಿಯಮವಿರುವಲ್ಲಿ ಆ ಒಂದರ ತೂಕವೆಷ್ಟೆಂಬುದನ್ನು ಪರೀಕ್ಷೆಗೆ ಕುಳಿತವರೇ ಬಲ್ಲರು. ಕಳೆದ ಬೇಸಗೆಯಲ್ಲಿ ಬಿಬವೇವಾಡಿಯ ನಮ್ಮ ಮನೆಯಲ್ಲಿ ಇದೇ ಒಂದು ಅಂಕದ ದೆಸೆಯಿಂದ ಒಂದು ಸಣ್ಣ ವ್ಯಾಜ್ಯವೆದ್ದಿತು. ಜಾಲಪುಟಗಳನ್ನು ಕಟ್ಟುವವರು ಲೆಕ್ಕವನ್ನೂ ನೋಟವನ್ನೂ ಏಕೆ ಬೇರೆಬೇರೆಯಾಗಿ ಇರಿಸುವರೆಂಬುದು ಅದರಿಂದ ಚೆನ್ನಾಗಿ ತಿಳಿಯುವುದರಿಂದ ಇಲ್ಲಿ ಹೇಳುತ್ತಿದ್ದೇನೆ.

ನೆರೆಮನೆಯ ಅಣ್ಣತಮ್ಮಂದಿರಿಬ್ಬರು ಕಂಪ್ಯೂಟರ್ ವಿದ್ಯೆಯಲ್ಲಿ ಆಸಕ್ತರು. ವಠಾರದ ಮಕ್ಕಳಿಗೆ ನಾನು ರಜೆಯಲ್ಲಿ ಕೊಡುತ್ತಿದ್ದ ಅಭ್ಯಾಸಪರೀಕ್ಷೆಗಳ ಫಲಿತಾಂಶವನ್ನು ಜಾಲಪುಟದಲ್ಲಿ ತೋರಿಸುವುದಾಗಿ ಅವರು ಮುಂದೆ ಬಂದರು. ನಮ್ಮ ಕೇರಿಯಲ್ಲಿ ಒಂದು ಮನೆಯವರು ಕನ್ನಡವನ್ನು ಓದಿದರೆ ಮುಂದಿನ ಮನೆಯವರು ಮರಾಠಿಯನ್ನು ಓದುವರು. ಆದುದರಿಂದ ಅಣ್ಣನು ಕನ್ನಡದ ಪುಟವನ್ನೂ ತಮ್ಮನು ಮರಾಠಿಯ ಪುಟವನ್ನೂ ಬರೆದರು. ಅಣ್ಣನ ಲೆಕ್ಕವು ಸರ್ವರಿನಲ್ಲಿ ಪೈಥಾನ್ ಭಾಷೆಯಲ್ಲಿ ನಡೆಯುತ್ತಿತ್ತು. ತಮ್ಮನದು ಓದುಗರ ಬ್ರೌಸರಿನಲ್ಲಿಯೇ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. ಎರಡು ಪರೀಕ್ಷೆಗಳ ಸರಾಸರಿಯನ್ನು ತೆಗೆದು, ಸಮೀಪದ ಪೂರ್ಣಸಂಖ್ಯೆಗೆ ತಂದು ತೋರಿಸುವುದಷ್ಟೇ ಕೆಲಸ.

ಒಬ್ಬ ಹುಡುಗಿಗೆ ಮೊದಲನೆಯ ಪರೀಕ್ಷೆಯಲ್ಲಿ 30, ಎರಡನೆಯದರಲ್ಲಿ 39 ಅಂಕಗಳು ಬಂದಿದ್ದವು. ಸರಾಸರಿ ಮೂವತ್ತನಾಲ್ಕೂವರೆ. ಕನ್ನಡದ ಪುಟವು 34 ಎಂದು ತೋರಿಸಿ ಅವಳನ್ನು ಅನುತ್ತೀರ್ಣಳೆಂದಿತು. ಮರಾಠಿಯ ಪುಟವು 35 ಎಂದು ತೋರಿಸಿ ಉತ್ತೀರ್ಣಳೆಂದಿತು! ಹುಡುಗಿ ಎರಡನ್ನೂ ಓದಬಲ್ಲವಳು. ಎರಡು ಪುಟಗಳನ್ನೂ ನನ್ನ ಮುಂದೆ ಹಿಡಿದು, "ನಾನು ಯಾವ ಭಾಷೆಯಲ್ಲಿ ತೇರ್ಗಡೆಯಾಗಿದ್ದೇನೆ?" ಎಂದು ಕೇಳಿದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಹುಡುಗರಲ್ಲಿ ಯಾರೂ ತಪ್ಪು ಬರೆದಿರಲಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಪೂರ್ಣಸಂಖ್ಯೆಗೆ ತರುವ ಆಜ್ಞೆಯು ಅರ್ಧವನ್ನು ಯಾವಾಗಲೂ ಮೇಲಕ್ಕೇರಿಸುತ್ತದೆ. ಪೈಥಾನಿನಲ್ಲಿ ಅದೇ ಕೆಲಸದ ಆಜ್ಞೆಯು ಸರಿಯಾಗಿ ಅರ್ಧವಿದ್ದಾಗ ಹತ್ತಿರದ ಸಮಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. ಮೂವತ್ತನಾಲ್ಕೂವರೆ ಅಲ್ಲಿ 34 ಆಗುವುದು, ಮೂವತ್ತೈದೂವರೆ 36 ಆಗುವುದು. ಇದು ವಿಚಿತ್ರವೆಂದು ತೋರಬಹುದು. ಆದರೆ ಇದಕ್ಕೂ ಕಾರಣವುಂಟು. ಈ ಎರಡು ಸಂಖ್ಯೆಗಳನ್ನು ಕೂಡಿಸಿ ನೋಡಿರಿ, ನಿಜವಾದ ಮೊತ್ತ 70. ಎರಡನ್ನೂ ಮೇಲಕ್ಕೇರಿಸಿದರೆ 35 ಮತ್ತು 36 ಸೇರಿ 71 ಆಗುತ್ತದೆ. ಸಮಸಂಖ್ಯೆಯ ಕ್ರಮದಲ್ಲಿ 34 ಮತ್ತು 36 ಸೇರಿ 70 ಆಗಿಯೇ ಉಳಿಯುತ್ತದೆ. ಸಾವಿರಾರು ಸಂಖ್ಯೆಗಳನ್ನು ಕೂಡಿಸುವವರಿಗೆ ಈ ಕ್ರಮವು ಹಿತಕರ. ಆದರೆ ಮಕ್ಕಳ ಪರೀಕ್ಷೆಗೆ ಯಾವುದು ನ್ಯಾಯವೆಂಬುದನ್ನು ಪೈಥಾನೂ ಅರಿಯದು, ಬ್ರೌಸರೂ ಅರಿಯದು. ಅದನ್ನು ಪರೀಕ್ಷೆ ನಡೆಸಿದವನು ಹೇಳಬೇಕು. ನಾನು ಹೇಳಿರಲಿಲ್ಲ, ಹುಡುಗರೂ ಕೇಳಿರಲಿಲ್ಲ. ನಾವು ಮೂವರೂ ನಿರ್ಣಯಿಸದೆ ಬಿಟ್ಟುದನ್ನು ಎರಡು ಪುಟಗಳು ತಮತಮಗೆ ತೋರಿದಂತೆ ನಿರ್ಣಯಿಸಿಕೊಂಡವು.

ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಹಾಕುವವನು ಅಡುಗೆಯವನು. ಬಡಿಸುವವನು ಎಲೆಯ ಮೇಲೆ ಏನನ್ನು ಎಲ್ಲಿ ಇಡಬೇಕೆಂಬುದನ್ನು ನೋಡಿಕೊಳ್ಳುವನು. ಒಂದೊಂದು ಪಂಕ್ತಿಯವನೂ ತನಗೆ ತೋರಿದಷ್ಟು ಉಪ್ಪನ್ನು ಬೆರೆಸತೊಡಗಿದರೆ ಒಂದೇ ಮದುವೆಯಲ್ಲಿ ಹತ್ತು ಬಗೆಯ ಸಾರನ್ನು ಉಣ್ಣಬೇಕಾಗುವುದು. ಜಾಲಪುಟದಲ್ಲಿ ಅಡುಗೆಮನೆಯೆಂದರೆ ಲೆಕ್ಕ ಮತ್ತು ನಿಯಮ. ಪಂಕ್ತಿಯೆಂದರೆ ಅಕ್ಷರ, ಬಣ್ಣ, ಸಾಲು, ಅಂಚು.

ಈ ವಿಭಾಗವು ಜಾಲಕ್ಕಿಂತಲೂ ಹಳೆಯದು. ಟ್ರಿಗ್ವೆ ರೀನ್ಸ್‌ಕೌಗ್ ಎಂಬ ನಾರ್ವೆಯ ವಿದ್ವಾಂಸರು 1979ರಲ್ಲಿ ಅಮೆರಿಕೆಯ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದಾಗ ಮಾದರಿ, ನೋಟ, ನಿಯಂತ್ರಕ ಎಂಬ ಮೂರು ಭಾಗಗಳ ಕ್ರಮವನ್ನು ರೂಪಿಸಿದರು. ಸಂಗತಿಯನ್ನೂ ಅದರ ನಿಯಮಗಳನ್ನೂ ಬಲ್ಲದ್ದು ಮಾದರಿ. ಕಣ್ಣಿಗೆ ಕಾಣಿಸುವುದು ನೋಟ. ಬಳಸುವವನ ಅಪೇಕ್ಷೆಯನ್ನು ಕೇಳಿ ಮುಟ್ಟಿಸುವುದು ನಿಯಂತ್ರಕ. ಜಾಲವು ಬಂದ ಹೊಸದರಲ್ಲಿ ಈ ವಿವೇಕವು ಕೆಲಕಾಲ ಮರೆತಂತಾಯಿತು. 1995ರಲ್ಲಿ ಹೊರಬಂದ ಪಿಎಚ್‌ಪಿಯಲ್ಲಿ ಪುಟದ ನಡುನಡುವೆಯೇ ಲೆಕ್ಕವನ್ನು ಬರೆಯುವ ಅನುಕೂಲವಿತ್ತು. ಅದು ಕಲಿಯಲು ಸುಲಭ, ತಿದ್ದಲು ಕಷ್ಟ. 2005ರಲ್ಲಿ ಸಾರ್ವಜನಿಕರಿಗೆ ದೊರೆತ ಜ್ಯಾಂಗೋ ಎಂಬ ಚೌಕಟ್ಟು ಕಾನ್ಸಾಸ್ ಪ್ರಾಂತದ ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದುದು. ಅದರಲ್ಲಿ ಪುಟದ ಅಚ್ಚಿಗೆ ಬೇರೆಯೇ ಒಂದು ಚಿಕ್ಕ ಭಾಷೆಯಿದೆ. 'ಇದ್ದರೆ ತೋರಿಸು', 'ಪ್ರತಿಯೊಂದಕ್ಕೂ ಒಂದು ಸಾಲು ಬರೆ' ಎಂಬಂಥ ಮಾತುಗಳಿಗೆ ಅಲ್ಲಿ ಎಡೆಯುಂಟು. ಅಚ್ಚಿನೊಳಗೇ ಪೈಥಾನಿನ ಲೆಕ್ಕವನ್ನು ಬರೆಯಲು ಬೇಕೆಂದೇ ಎಡೆಗೊಟ್ಟಿಲ್ಲ. (ಆ ಚೌಕಟ್ಟಿನವರು 'ನೋಟ' ಎಂಬ ಹೆಸರನ್ನು ಬೇರೊಂದು ಭಾಗಕ್ಕೆ ಇಟ್ಟು ಹೊಸಬರನ್ನು ಗೊಂದಲಕ್ಕೀಡುಮಾಡಿರುವರು. ಹೆಸರಿಗೆ ಅಂಜಬೇಡಿರಿ, ಕೆಲಸವನ್ನು ನೋಡಿರಿ.)

ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಎಲ್ಲ ಕಾಲಕ್ಕೂ ಒಂದೇ ಆಗಿರುವುದಿಲ್ಲ. ಇದಕ್ಕೆ ನಮ್ಮ ಪುಣೆಗೆ ಸೇರಿದ ಉದಾಹರಣೆಯೇ ಇದೆ. ಇಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವುದರಲ್ಲಿ ಬಹಳ ದುಡಿಯಿತು. 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಕನ್ನಡದ 'ಕ'ಕಾರಕ್ಕೂ ಮರಾಠಿಯವರು ಬರೆಯುವ ದೇವನಾಗರಿಯ 'ಕ'ಕಾರಕ್ಕೂ ಒಂದೇ ಸಂಖ್ಯೆ, 179. ಅಕ್ಷರವು ಒಂದು, ಲಿಪಿಯು ಅದರ ಉಡುಪು ಎಂಬುದು ಅದರ ಭಾವ. ಇಂದು ನಾವು ಬಳಸುವ ಯೂನಿಕೋಡಿನಲ್ಲಾದರೋ ದೇವನಾಗರಿಯ 'ಕ' 2325 ಆದರೆ ಕನ್ನಡದ 'ಕ' 3221. ಅಲ್ಲಿ ಲಿಪಿಯನ್ನು ಉಡುಪೆಂದು ಬಗೆಯದೆ ಅಕ್ಷರದ ಸ್ವರೂಪಕ್ಕೇ ಸೇರಿಸಿದ್ದಾರೆ. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ; ಕನ್ನಡದಲ್ಲಿ ಬರೆದುದು ಕನ್ನಡವಾಗಿಯೇ ತಲುಪಬೇಕಷ್ಟೆ.

ಇನ್ನು ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಅರ್ಧ ಅಂಕವನ್ನು ಮೇಲಕ್ಕೇ ಎಣಿಸಬೇಕೆಂದು ನಾನು ತೀರ್ಪು ಕೊಟ್ಟೆನು. ಹುಡುಗರು ಎರಡು ಪುಟಗಳಿಂದಲೂ ಲೆಕ್ಕವನ್ನು ಕಿತ್ತು ಸರ್ವರಿನ ಒಂದೇ ಕಡತದಲ್ಲಿರಿಸಿದರು. ಸರಾಸರಿಗೆ ಅರ್ಧವನ್ನು ಕೂಡಿಸಿ, ಬಂದ ಮೊತ್ತದಲ್ಲಿ ಪೂರ್ಣಾಂಕವನ್ನು ಮಾತ್ರ ಉಳಿಸುವುದೆಂದು ಬರೆದರು. ಎರಡೂ ಕಡೆ 35 ಬಂದಿತು. ಆದರೆ ಕನ್ನಡದ ಪುಟದಲ್ಲಿ ಆ 35 ಕೆಂಪು ಬಣ್ಣದಲ್ಲಿತ್ತು!

ಅಣ್ಣನು ಸಂಜೆಯವರೆಗೆ ಹುಡುಕಿದನು. ಕೊನೆಗೆ ಬಣ್ಣ ಹಚ್ಚುವ ಸಾಲಿನಲ್ಲಿ 'ಸರಾಸರಿಯು 35ಕ್ಕಿಂತ ಕಡಿಮೆಯಿದ್ದರೆ ಕೆಂಪು' ಎಂದು ತಾನೇ ಹಿಂದೆ ಬರೆದುದು ಸಿಕ್ಕಿತು. ಪುಟವು ಇನ್ನೂ ಮೂವತ್ತನಾಲ್ಕೂವರೆಯನ್ನೇ ನೋಡುತ್ತಿತ್ತು. ಕೆಂಪೋ ಹಸಿರೋ ಎಂಬುದು ಪುಟದ ಕೆಲಸವೇ. ತೇರ್ಗಡೆಯೋ ಅಲ್ಲವೋ ಎಂಬುದು ಪುಟದ ಕೆಲಸವಲ್ಲ. ಬಣ್ಣದ ವೇಷದಲ್ಲಿ ನಿಯಮವೊಂದು ಅಲ್ಲಿ ಅಡಗಿ ಕುಳಿತಿತ್ತು. ನಿಯಮಗಳು ಅವಿತುಕೊಳ್ಳಲು ಬಣ್ಣದಂಥ ಜಾಗ ಬೇರೆ ಇಲ್ಲ. ಅಂದಿನಿಂದ ಲೆಕ್ಕದ ಕಡತವು ಪುಟಕ್ಕೆ ಅಂಕದ ಜೊತೆಗೆ 'ತೇರ್ಗಡೆ ಹೌದು' ಅಥವಾ 'ಅಲ್ಲ' ಎಂಬ ಒಂದು ಮಾತನ್ನೂ ಕಳಿಸತೊಡಗಿತು. ಪುಟವು ಅದನ್ನು ನೋಡಿ ಬಣ್ಣ ಹಚ್ಚುವುದು. 35 ಎಂಬ ಸಂಖ್ಯೆಯು ಈಗ ಯಾವ ಪುಟದಲ್ಲಿಯೂ ನಿಯಮವಾಗಿ ಬರೆಯಲ್ಪಟ್ಟಿಲ್ಲ.

ಮುಂದಿನ ವಾರ ಆ ಹುಡುಗಿಯು, ಕಣ್ಣು ಮಂದವಾಗಿರುವ ತನ್ನ ಅಜ್ಜನಿಗಾಗಿ ದಪ್ಪಕ್ಷರದ ಪುಟವೊಂದನ್ನು ಬೇಡಿದಳು. ತಮ್ಮನು ಅರ್ಧ ಗಂಟೆಯಲ್ಲಿ ಅದನ್ನು ಬರೆದು ಮುಗಿಸಿದನು. ಲೆಕ್ಕದ ಕಡತವನ್ನು ತೆರೆಯುವ ಪ್ರಸಂಗವೇ ಬರಲಿಲ್ಲ.