ಬ್ಯಾಟ್ ಎತ್ತಿದ ಮೇಲೆ ಪಾಠ ಬೇಡ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಲಿಟ್ಲ್ ಲೀಗ್ ಬೇಸ್‌ಬಾಲ್ ಆಡುವುದು ಈಗ ಮಾಮೂಲು. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದ ಈ ಲೀಗ್‌ನಲ್ಲಿ ಕೋಚ್‌ಗಳು ಬಹುತೇಕ ಸಂಬಳವಿಲ್ಲದ ಅಪ್ಪ, ಅಮ್ಮಂದಿರು. ಕ್ರಿಕೆಟ್ ಬಿಟ್ಟು ಬೇರೇನೂ ಆಡದ ಕನ್ನಡಿಗರ ಕೊರಳಿಗೂ ಆ ಕೆಲಸ ಬೀಳುತ್ತದೆ. ನಿಯಮಗಳನ್ನು ಹೇಗೋ ಓದಿಕೊಳ್ಳುತ್ತಾರೆ, ಮಕ್ಕಳ ಜೊತೆ ಮಾತಾಡುವಾಗ ಎಡವುತ್ತಾರೆ.

ಮೊದಲೆರಡು ಪ್ರಾಕ್ಟೀಸ್‌ನಲ್ಲಿ ಯಾರನ್ನೂ ತಿದ್ದಬೇಡಿ, ಸುಮ್ಮನೆ ನೋಡಿ. ಪ್ರತಿ ಹೆಸರಿನ ಮುಂದೆ ಒಂದು ಸಾಲು ಬರೆದುಕೊಳ್ಳಿ: ಎಲ್ಲರೆದುರು ಹೇಳಿದರೆ ಮುದುಡುವವಳು, 'ಯಾಕೆ' ಅಂತ ಕೇಳದೆ ಬಿಡದವನು, ತಲೆಯಾಡಿಸಿ ಮತ್ತೆ ಹಳೆಯದನ್ನೇ ಮಾಡುವವನು. ಮೊದಲಿನವಳನ್ನು ಪಕ್ಕಕ್ಕೆ ಕರೆದು ಹೇಳಿ. ಎರಡನೆಯವನಿಗೆ ಕಾರಣ ಕೊಡಿ. ಮೂರನೆಯವನಿಗೆ 'ಅರ್ಥ ಆಯ್ತಾ?' ಅಂದರೆ ಪ್ರಯೋಜನವಿಲ್ಲ, 'ಎಲ್ಲಿ, ಮಾಡಿ ತೋರಿಸು' ಅನ್ನಿ. 'ಇವನು ನೋಡಿ ಕಲಿಯುವವ, ಅವಳು ಕೇಳಿ ಕಲಿಯುವವಳು' ಎಂಬ ಚೀಟಿ ಮಾತ್ರ ಅಂಟಿಸಬೇಡಿ. ಆ ವಿಂಗಡಣೆಗೆ ಸಂಶೋಧನೆಯ ಬೆಂಬಲವಿಲ್ಲ. ಎಲ್ಲರಿಗೂ ಮಾಡಿ ತೋರಿಸಿ, ಮಾತು ಆಮೇಲೆ.

ಅಸಲು ತಪ್ಪು ನಡೆಯುವುದು ಪಂದ್ಯದಲ್ಲಿ. ಮಗು ಬ್ಯಾಟ್ ಎತ್ತಿ ನಿಂತಿದೆ, ಪಿಚರ್ ಎಸೆಯಲು ಕಾಲೆತ್ತಿದ್ದಾನೆ. ಮೂರನೇ ಬೇಸ್ ಪಕ್ಕದಿಂದ ಕೋಚ್, ಬೇಲಿಯಾಚೆಯಿಂದ ಅಪ್ಪ, ಇಬ್ಬರೂ ಒಟ್ಟಿಗೆ: 'ಎಲ್ಬೋ ಅಪ್! ಮಂಡಿ ಬಗ್ಗಿಸು! ಬೇಗ ತಿರುಗು!' 9ರಿಂದ 12 ವರ್ಷದವರಿಗೆ ಪಿಚರ್ ಇರುವುದು 46 ಅಡಿ ದೂರದಲ್ಲಿ. ಗಂಟೆಗೆ 50 ಮೈಲಿ ವೇಗದ ಚೆಂಡು ಅರ್ಧ ಸೆಕೆಂಡು ದಾಟುವಷ್ಟರಲ್ಲಿ ಎದುರಿಗಿರುತ್ತದೆ. ಆ ಕೂಸು ಚೆಂಡು ನೋಡಬೇಕೋ, ಮೊಣಕೈ ಎಲ್ಲಿದೆ ಅಂತ ಹುಡುಕಬೇಕೋ? ದ್ರಾವಿಡ್ ಆಟ ನೋಡಿ ಬೆಳೆದ ನಮಗೆ ಎತ್ತಿದ ಮೊಣಕೈ ಎಂದರೆ ಭಕ್ತಿ. ಆದರೆ ಅದು ಮುಂದಿನ ಮೊಣಕೈ. ಬೇಸ್‌ಬಾಲ್‌ನಲ್ಲಿ ಕೂಗುವುದು ಹಿಂದಿನ ಮೊಣಕೈಗೆ, ಅದನ್ನೂ ಒಳ್ಳೊಳ್ಳೆಯ ಬ್ಯಾಟರ್‌ಗಳೇ ಒಬ್ಬೊಬ್ಬರು ಒಂದೊಂದು ಎತ್ತರದಲ್ಲಿ ಹಿಡಿಯುತ್ತಾರೆ. ಹೇಳುವುದೆಲ್ಲ ಪ್ರಾಕ್ಟೀಸ್‌ನಲ್ಲಿ ಹೇಳಿ ಮುಗಿಸಿ. ಬ್ಯಾಟಿಂಗ್‌ಗೆ ಹೊರಟಾಗ ಒಂದೇ ಮಾತು ಸಾಕು, ಅದೂ ಪ್ಲೇಟ್ ತಲುಪುವ ಮೊದಲು.

ಆ ಒಂದು ಮಾತು ದೇಹದ ಭಾಗದ ಮೇಲೆ ಬೇಡ, ಹೊರಗಿನ ಗುರಿಯ ಮೇಲಿರಲಿ. 'ಸೊಂಟ ತಿರುಗಿಸು' ಅನ್ನುವ ಬದಲು 'ಶಾರ್ಟ್‌ಸ್ಟಾಪ್ ಟೋಪಿ ಹಾರಿಸು' (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಟೋಪಿ) ಅಂದು ನೋಡಿ, ಸೊಂಟ ತಾನಾಗಿ ತಿರುಗುತ್ತದೆ. ಚಲನ ಕಲಿಕೆಯ ಸಂಶೋಧಕಿ ಗೇಬ್ರಿಯೆಲೆ ವುಲ್ಫ್ 1990ರ ದಶಕದಿಂದ ಹೇಳುತ್ತಾ ಬಂದಿರುವುದೂ ಇದನ್ನೇ: ಗಮನ ಮೈಮೇಲಿರುವುದಕ್ಕಿಂತ ಚಲನೆಯ ಪರಿಣಾಮದ ಮೇಲಿದ್ದರೆ ಕಲಿಕೆ ಚೆನ್ನಾಗುತ್ತದೆ. ಟೋಪಿಯ ಮಾತಿಗೆ ಒಬ್ಬ ನಗುತ್ತಾ ಬೀಸಿಯಾನು, ಇನ್ನೊಬ್ಬಳಿಗೆ ಅದು ತಲೆಗೇ ಹೋಗದಿರಬಹುದು. ಆಗ ಅದನ್ನೇ ಜೋರಾಗಿ ಹೇಳಬೇಡಿ, ಬೇರೆ ಗುರಿ ಕೊಡಿ: ಬೇಲಿಯ ಮೇಲಿನ ಬೋರ್ಡು, ಎರಡನೇ ಬೇಸ್, ಏನಾದರೂ.

ಔಟಾಗಿ ಬಂದವರಿಗೆ ನೀರು ಕುಡಿಯುವವರೆಗೆ ಏನೂ ಹೇಳಬೇಡಿ. ಬೇಲಿಯಾಚೆಯ ಪೋಷಕರಿಗೆ ಸೀಸನ್ ಶುರುವಿಗೇ ವಾಟ್ಸಾಪ್‌ನಲ್ಲಿ ತಿಳಿಸಿ: ಚಪ್ಪಾಳೆ ಓಕೆ, ಸಲಹೆ ಬೇಡ. ಪಿಚರ್‌ಗೆ 'ಇನ್ನೂ ಆಗುತ್ತಾ?' ಅಂತ ಕೇಳಲೇಬೇಡಿ, ಆ ವಯಸ್ಸಿನಲ್ಲಿ ಆಗಲ್ಲ ಅನ್ನುವವರು ಕಡಿಮೆ. ಎಸೆತ ಎಣಿಸಿ. ದಿನದ ಮಿತಿ 9–10 ವರ್ಷದವರಿಗೆ 75, 11–12ರವರಿಗೆ 85.